ಕ್ರಯವೋ, ಅನುಮತಿಯೋ?

ಹಣ ಕೊಟ್ಟು ಕೊಂಡುದು ಕೊಂಡವನ ಸ್ವತ್ತೆಂಬುದು ಲೋಕರೂಢಿ. ಫ್ರಾನ್ಸಿನ ಯೂಬಿಸಾಫ್ಟ್ ಕಂಪೆನಿಯು 2014ರಲ್ಲಿ ಮಾರಾಟಕ್ಕೆ ತಂದ ‘ದಿ ಕ್ರ್ಯೂ’ ಎಂಬ ವೀಡಿಯೊ ಆಟವಾದರೋ ಕಂಪೆನಿಯ ಸರ್ವರುಗಳ ಸಂಪರ್ಕವಿಲ್ಲದೆ ನಡೆಯದು. 2024ನೆಯ ಮಾರ್ಚಿ 31ರಂದು ಆ ಸರ್ವರುಗಳನ್ನು ನಿಲ್ಲಿಸಲಾಯಿತು. ಹಣ ತೆತ್ತವರಿಗೆ ಆಟವಿಲ್ಲವಾಯಿತು. ಮಾರಿದುದು ಆಡುವ ಅನುಮತಿಯನ್ನೇ ಹೊರತು ಆಟವನ್ನಲ್ಲವೆಂಬುದು ಕಂಪೆನಿಯ ವಾದ.

ಇಂತಹ ಮಾರಾಟದಲ್ಲಿ ದೊರೆಯುವುದು ಅನುಮತಿ ಮಾತ್ರವೆಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದೆಂಬ ಕಾನೂನು 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದಿದೆ. ಮುಂಚಿತವಾಗಿ ನಿಜವನ್ನು ನುಡಿಯುವುದು ಒಳ್ಳೆಯದೇ. ಆದರೆ ಅಷ್ಟರಿಂದಲೇ ನ್ಯಾಯವು ಪೂರ್ತಿಯಾಗದು. ಸರ್ವರುಗಳನ್ನು ಎಂದೆಂದಿಗೂ ನಡೆಯಿಸಬೇಕೆಂದು ಯಾರನ್ನೂ ನಿರ್ಬಂಧಿಸಲಾಗದು, ದಿಟ. ಆದರೆ ನಿಲ್ಲಿಸುವ ಮುನ್ನ, ಅವುಗಳಿಲ್ಲದೆಯೂ ಆಡುವ ಮಾರ್ಗವೊಂದನ್ನು ಕಲ್ಪಿಸಿಕೊಡಬೇಡವೆ? ವ್ಯಾಪಾರಿಯು ಅಂಗಡಿಯನ್ನು ಮುಚ್ಚಬಹುದು; ಮಾರಿದ ಪೆಟ್ಟಿಗೆಯ ಬೀಗದ ಕೈಯನ್ನು ತನ್ನೊಡನೆ ಒಯ್ಯುವುದು ಧರ್ಮವಲ್ಲ.