ಚಪಾತಿಯೊಳಗಿನ ಸೋರೆಕಾಯಿ

ನನ್ನ ಮಗನಿಗೆ ಐದು ವರ್ಷವಾಗಿದ್ದಾಗ ಅವನ ರಾತ್ರಿಯೂಟದ ಪಟ್ಟಿಯಲ್ಲಿ ಇದ್ದದ್ದು ಮೂರೇ: ಚಪಾತಿ, ಮೊಸರನ್ನ, ಮಂಡಕ್ಕಿ. ದಾವಣಗೆರೆಯಲ್ಲಿ ಹುಟ್ಟಿದವನು ಮಂಡಕ್ಕಿ ಬೇಡ ಎಂದಾನೆಯೇ! ಆದರೆ ಅದರಲ್ಲಿ ಈರುಳ್ಳಿಯ ಒಂದು ಚೂರು ಕಂಡರೂ ತಟ್ಟೆ ದೂರ ಸರಿಯುತ್ತಿತ್ತು. ಹೋಟೆಲಿನಲ್ಲಿ ಬೆಣ್ಣೆ ದೋಸೆ ಕೊಡಿಸಿದರೆ ಗರಿಗರಿ ಅಂಚಷ್ಟೇ ಅವನ ಪಾಲು.

ತರಕಾರಿ ಮುಟ್ಟದ ಮಗು ಬೆಳೆಯುವುದು ಹೇಗೆ? ನಾನೊಂದು ಉಪಾಯ ಹೂಡಿದೆ. ಸೋರೆಕಾಯಿ ತುರಿದು ಚಪಾತಿ ಹಿಟ್ಟಿಗೆ ಕಲಸಿದೆ. "ಇದರಲ್ಲಿ ಏನಾದ್ರೂ ಹಾಕಿದೀಯೇನಮ್ಮಾ?" ಎಂದು ಕೇಳಿದ. "ಇಲ್ಲ ಕಣೋ, ಬರೀ ಗೋಧಿಹಿಟ್ಟು" ಎಂದೆ. ನಾಲ್ಕು ದಿನ ಗೆದ್ದೆ. ಐದನೆಯ ದಿನ ನೀರು ಕುಡಿಯಲು ಅಡುಗೆಮನೆಗೆ ಬಂದವನು ತುರಿಯುವ ಮಣೆಯನ್ನು ನೋಡಿದ, ನನ್ನ ಮುಖ ನೋಡಿದ. ಅಳಲಿಲ್ಲ. ಅಂದಿನಿಂದ ಚಪಾತಿ ಬಿಟ್ಟ. ಮೊಸರನ್ನವನ್ನೂ ಬೆರಳಿನಿಂದ ಕೆದಕಿ ನೋಡತೊಡಗಿದ.

ಮಗುವಿನ ಒಳಿತಿಗೆಂದು ಹೇಳಿದ ಸುಳ್ಳು ಸುಳ್ಳಲ್ಲವೇ? ಬೆರೆಸುವುದರಲ್ಲಿ ತಪ್ಪಿಲ್ಲ. ಮೆಂತ್ಯದ ಚಪಾತಿ, ಸಬ್ಬಸಿಗೆಯ ಅಕ್ಕಿ ರೊಟ್ಟಿ ಎಲ್ಲವೂ ಬೆರೆಸಿದ್ದೇ ತಾನೆ? ಅವನು ಕೇಳಿದಾಗ ಇಲ್ಲವೆಂದೆನಲ್ಲ, ತಪ್ಪು ಅಲ್ಲಿತ್ತು. ಸೋರೆಕಾಯಿಯನ್ನು ಹೊಟ್ಟೆಗೆ ಸೇರಿಸಲು ಹೋಗಿ ನನ್ನ ಮೇಲಿನ ನಂಬಿಕೆಯನ್ನೇ ಅವನ ತಟ್ಟೆಯಿಂದ ತೆಗೆದುಬಿಟ್ಟಿದ್ದೆ.

ಆ ಬೇಸಿಗೆಯಲ್ಲಿ ಹರಿಹರದ ತವರಿಗೆ ಹೋದೆವು. ನಮ್ಮವ್ವ ಎಲ್ಲರೊಡನೆ ಅವನಿಗೂ ಬಡಿಸಿದಳು: ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಒಂದು ಮೂಲೆಯಲ್ಲಿ ಚಮಚದಷ್ಟು ಪಲ್ಯ. "ಇದು ಸೋರೆಕಾಯಿ ನೋಡಪ್ಪಾ. ಬೇಕಾದ್ರ ತಿನ್ನು, ಬ್ಯಾಡಂದ್ರ ಬಿಡು." ಅವನು ರೊಟ್ಟಿ ಮೊಸರು ತಿಂದೆದ್ದ. ಪಲ್ಯ ಹಾಗೇ ಉಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕಣ್ಣಿನಲ್ಲೇ ತಡೆದಳು.

ಎಷ್ಟೋ ವರ್ಷಗಳ ನಂತರ ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆಯ ಮಾತು ಓದಿದೆ. ಏನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ದೊಡ್ಡವರ ಹೊಣೆ. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಹೊಸ ರುಚಿ ಒಗ್ಗಲು ಹತ್ತು ಹದಿನೈದು ಸಲ ಎದುರಿಗಿಡಬೇಕಾದೀತು ಎಂದೂ ತಜ್ಞರು ಹೇಳುತ್ತಾರೆ. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅದು ಹಟದ ಮಾತಲ್ಲ. ಓದುತ್ತ ಓದುತ್ತ ಹರಿಹರೇಶ್ವರನ ಗುಡಿ ನೆನಪಾಯಿತು. ಹದಿಮೂರನೆಯ ಶತಮಾನದ ಆ ಗುಡಿಯಲ್ಲಿ ಒಂದೇ ವಿಗ್ರಹ, ಅರ್ಧ ಹರ, ಅರ್ಧ ಹರಿ. ಒಬ್ಬರ ಪಾಲನ್ನು ಇನ್ನೊಬ್ಬರು ಕಸಿದುಕೊಂಡಿಲ್ಲ.

ಊರಿಗೆ ಮರಳಿದ ಮೇಲೆ ಮಗನಿಗೆ ಹೇಳಿದೆ, "ಅವತ್ತು ಸುಳ್ಳು ಹೇಳಿದೆ ಕಣೋ, ತಪ್ಪಾಯ್ತು." ಚಪಾತಿ ಮತ್ತೆ ಅವನ ತಟ್ಟೆಗೆ ಬರಲು ಆರು ತಿಂಗಳು ಹಿಡಿಯಿತು. ಸೋರೆಕಾಯಿ ಅವನಿಗೆ ಇಂದಿಗೂ ಸೇರದು. ಆದರೆ "ಏನು ಹಾಕಿದೀಯಮ್ಮಾ?" ಎಂದು ಕೇಳುತ್ತಾನೆ, ನಾನು ಹೇಳಿದ್ದನ್ನು ನಂಬಿ ಊಟಕ್ಕೆ ಕೂರುತ್ತಾನೆ.