ಎಷ್ಟು ಹಿಡೀಲಿ?

ನಮ್ಮ ಕಡೆಯ ವಯಸ್ಸಾದ ಹೆಣ್ಣುಮಕ್ಕಳು ದೇವರಲ್ಲಿ ಬೇಡುವುದು ಹೆಚ್ಚಾಗಿ ಒಂದೇ ವರ: ‘ಕೈಕಾಲು ಗಟ್ಟಿ ಇದ್ದಾಗನ ಕರಕೊಳ್ಳಪ್ಪಾ, ಯಾರಿಗೂ ಭಾರ ಮಾಡಬ್ಯಾಡ.’ ಆದರೆ ಇನ್ನೊಬ್ಬರ ಕೈ ಹಿಡಿಯಬೇಕಾಗಿ ಬಂದ ಮಾತ್ರಕ್ಕೆ ನಾವು ಭಾರವಾಗುತ್ತೇವೆಯೇ? ಯಾರ ನೆರವೂ ಇಲ್ಲದೆ ಬದುಕುವುದೇ ಸ್ವಾವಲಂಬನೆಯೇ? ಎರಡು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಯ ಎಲುಬು ಮುರಿದ ಮೇಲೆ, ಈ ಪ್ರಶ್ನೆಗಳು ನನ್ನ ಬೆನ್ನು ಬಿಡಲಿಲ್ಲ.

ಶಸ್ತ್ರಕ್ರಿಯೆಯಾದ ಮರುದಿನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಮುಪ್ಪಿನಲ್ಲಿ ಮುರಿದ ಎಲುಬಿಗಿಂತ ಹಾಸಿಗೆಯ ಭಯವೇ ದೊಡ್ಡದು. ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ, ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪರದೇಶಗಳಲ್ಲಿ ಇಂಥವರನ್ನು ಕೆಲವು ವಾರ ಶುಶ್ರೂಷಾ ಕೇಂದ್ರಗಳಲ್ಲಿ ಇಟ್ಟುಕೊಂಡು, ದಿನವೂ ವ್ಯಾಯಾಮ ಮಾಡಿಸಿ ಮನೆಗೆ ಕಳಿಸುವುದುಂಟು. ಬಾದಾಮಿಯಂಥ ನಮ್ಮ ಊರುಗಳಲ್ಲಿ ಮನೆಯೇ ಆ ಕೇಂದ್ರ, ಸೊಸೆಯೇ ದಾದಿ. ಫಿಜಿಯೋಥೆರಪಿ ಕಲಿತ ಹುಡುಗಿಯೊಬ್ಬಳು ವಾರಕ್ಕೆ ಮೂರು ದಿನ ನಮ್ಮ ಮನೆಗೆ ಬರುತ್ತಿದ್ದಳು.

ಕುರ್ಚಿಯ ಅಂಚಿಗೆ ಸರಿದು, ಮೈ ಮುಂದಕ್ಕೆ ಬಾಗಿಸಿ ಏಳುವುದನ್ನು ಅವಳು ಕಲಿಸಿದಳು. ಕೋಲು ನೋವಿನ ಕಾಲಿನ ಕಡೆಗೆ ಇರಬಾರದು, ಇನ್ನೊಂದು ಕೈಯಲ್ಲಿರಬೇಕು. ‘ಹತ್ತುಮುಂದ ಗಟ್ಟಿ ಕಾಲು ಮೊದಲರೀ ಅವ್ವಾರ, ಇಳಿಯುಮುಂದ ನೋವಿನ ಕಾಲು ಮೊದಲು’ ಎನ್ನುತ್ತಿದ್ದಳು. ಪ್ರತಿ ಸಲ ನನ್ನನ್ನು ಮುಟ್ಟುವ ಮೊದಲು ‘ಎಷ್ಟು ಹಿಡೀಲ್ರೀ?’ ಎಂದು ಕೇಳುತ್ತಿದ್ದಳು. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

ಸೊಸೆಯ ರೀತಿ ಬೇರೆ. ‘ಅತ್ಯಾರ, ನೀವ್ಯಾಕ ಏಳ್ತೀರಿ? ನಾ ತಂದು ಕೊಡ್ತೇನಲ್ರೀ.’ ಪ್ರೀತಿಯ ಮಾತೇ. ಆದರೆ ನೀರಿನ ತಂಬಿಗೆ ಹಾಸಿಗೆಗೆ ಬರತೊಡಗಿದ ಮೇಲೆ, ಸ್ನಾನ ಯಾವಾಗ, ಉಡುವ ಸೀರೆ ಯಾವುದು ಎಂಬ ತೀರ್ಮಾನಗಳೂ ನನ್ನನ್ನು ಕೇಳದೆಯೇ ಆಗತೊಡಗಿದವು. ಶ್ರಾವಣದಲ್ಲಿ ಮನೆಯವರೆಲ್ಲ ಮಹಾಕೂಟಕ್ಕೆ ಹೋದರು. ಅಲ್ಲಿಯ ಪುಷ್ಕರಣಿ ಬುಗ್ಗೆಯ ನೀರಿನಿಂದ ತುಂಬುವ ಹೊಂಡ. ಮದುವೆಯಾಗಿ ಬಂದಾಗಿನಿಂದ ಅದರಲ್ಲಿ ಇಳಿದು ಮಿಂದವಳು ನಾನು. ಈ ಸಲ ಬಾಟಲಿಯಲ್ಲಿ ನೀರು ತಂದು ನನ್ನ ತಲೆಗೆ ಚಿಮುಕಿಸಿದರು. ಎಲ್ಲರ ಮುಖದಲ್ಲೂ ಸಂತೋಷವಿತ್ತು. ನನಗೆ ಮಾತ್ರ ಗಂಟಲು ಕಟ್ಟಿತು. ನೀರು ನನ್ನ ಬಳಿಗೆ ಬಂದಿತ್ತು, ನಾನು ನೀರಿನ ಬಳಿಗೆ ಹೋಗಿರಲಿಲ್ಲ.

ಸೊಸೆಯ ಕಡೆಯಿಂದಲೂ ನೋಡಬೇಕು. ನಾನೇ ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರಲು ಇಪ್ಪತ್ತು ನಿಮಿಷ. ಅವಳು ಎತ್ತಿ ನಡೆಸಿದರೆ ಐದು. ಅತ್ತ ಹಂಚಿನ ಮೇಲೆ ರೊಟ್ಟಿ, ಇತ್ತ ಮಕ್ಕಳ ಶಾಲೆಯ ಡಬ್ಬಿ. ಎತ್ತಿಬಿಡುವುದಕ್ಕಿಂತ ಕೈ ಚಾಚದೆ ಪಕ್ಕದಲ್ಲಿ ನಿಂತು ಕಾಯುವುದೇ ಕಠಿಣ ಸೇವೆ. ನನ್ನ ಸ್ವಾತಂತ್ರ್ಯಕ್ಕೆ ಹೊತ್ತು ಕೊಡಬೇಕಾದವಳು ಇನ್ನೊಬ್ಬ ಹೆಣ್ಣುಮಗಳೇ ಆದರೆ, ಅವಳ ಸ್ವಾತಂತ್ರ್ಯದ ಲೆಕ್ಕ ಇಡುವವರು ಯಾರು? ಒಂದು ದಿನ ಮಗನನ್ನು ಕರೆದು, ‘ಮುಂಜಾನಿ ಕಾಯೋ ಪಾಳಿ ನಿಂದಪಾ’ ಎಂದೆ. ಮೊದಲು ಸಂಕೋಚಪಟ್ಟ, ಆಮೇಲೆ ರೂಢಿಯಾಯಿತು.

ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರ ಬದುಕು ಈ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. 1954ರ ಅಪಘಾತದಲ್ಲಿ ಅವರ ಕಾಲುಗಳ ಸ್ವಾಧೀನವೇ ಹೋಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಆರಂಭವಾಯಿತು. ಕುರ್ಚಿ ತಳ್ಳಲು ಅವರಿಗೆ ಬೇರೆಯವರ ಕೈ ಬೇಕಾಗಿದ್ದಿರಬಹುದು. ಎತ್ತ ಹೋಗಬೇಕೆಂಬುದು ಮಾತ್ರ ಅವರದೇ ನಿರ್ಧಾರವಾಗಿತ್ತು.

ಮರುವರ್ಷದ ಶ್ರಾವಣದಲ್ಲಿ ನಾನೂ ಮಹಾಕೂಟಕ್ಕೆ ಹೋದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೊಸೆಯ ಕೈ. ನೋವಿನ ಕಾಲು ಮೊದಲು ಇಟ್ಟು ಹೊಂಡದ ಮೂರು ಮೆಟ್ಟಿಲು ಇಳಿದೆ. ನಾಲ್ಕನೆಯದರಲ್ಲಿ ಪಾಚಿ ಕಂಡಿತು. ‘ಇಷ್ಟ ಸಾಕು’ ಎಂದು ಅಲ್ಲೇ ಕುಳಿತು ನೀರಿಗೆ ಕೈ ಚಾಚಿದೆ. ಯಾರೂ ಒತ್ತಾಯ ಮಾಡಲಿಲ್ಲ. ಇಳಿದ ಮೂರು ಮೆಟ್ಟಿಲಿನಷ್ಟೇ, ‘ಸಾಕು’ ಎಂದ ಆ ಮಾತೂ ನನ್ನದಾಗಿತ್ತು.

ನೆರವಿಲ್ಲದೆ ಯಾರೂ ಹುಟ್ಟಿಲ್ಲ, ಯಾರೂ ಹೋಗುವುದೂ ಇಲ್ಲ. ನಡುವಿನ ನಾಲ್ಕು ದಿನ ಗಟ್ಟಿ ಇದ್ದೆವೆಂದು ನೆರವು ಬೇಡುವುದನ್ನು ಅವಮಾನವೆಂದುಕೊಳ್ಳುವುದು ಸರಿಯಲ್ಲ. ಹಾಗೆಯೇ, ಪ್ರೀತಿಯಿದೆಯೆಂದು ಇನ್ನೊಬ್ಬರ ಕೆಲಸವನ್ನೆಲ್ಲ ಕಸಿದುಕೊಳ್ಳುವುದೂ ಸರಿಯಲ್ಲ. ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಕುರ್ಚಿಯಿಂದ ಏಳಲು ಹವಣಿಸುತ್ತಿರಬಹುದು. ಓಡಿ ಹೋಗಿ ರಟ್ಟೆ ಹಿಡಿಯುವ ಮೊದಲು ಒಂದು ಗಳಿಗೆ ತಡೆದು, ಎಷ್ಟು ಹಿಡಿಯಲಿ ಎಂದು ಕೇಳಿ ನೋಡಿ.