ಯುದ್ಧದ ಪಾಪದಲ್ಲಿ ಮತದಾರನ ಪಾಲು

ಯುದ್ಧ ನಡೆಯುತ್ತಿರುವಾಗ ಅಧಿಕಾರದಲ್ಲಿರುವವರ ಎದುರು ಚುನಾವಣೆಗೆ ನಿಂತವರು ಸತ್ತವರ ಹೊಣೆಯನ್ನು ಯಾರ ಮೇಲೆ ಹೊರಿಸಬೇಕು? 1968ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ನಿಕ್ಸನ್ ವಿಯೆಟ್ನಾಂ ಯುದ್ಧ ಮುಗಿಸುತ್ತೇನೆಂದು ಹೇಳಿ ಗೆದ್ದಿದ್ದರು. ನಾಲ್ಕು ವರ್ಷ ಕಳೆದರೂ ಯುದ್ಧ ಮುಗಿದಿರಲಿಲ್ಲ. 1972ರಲ್ಲಿ ಅವರನ್ನು ಎದುರಿಸಿದವರು ಸೆನೆಟರ್ ಜಾರ್ಜ್ ಮೆಕ್‌ಗವರ್ನ್. ಪಾದ್ರಿಯ ಮಗ, ತಾವೂ ಕೆಲಕಾಲ ಸೆಮಿನರಿಯಲ್ಲಿ ಓದಿದವರು.

ಬಾಂಬ್ ಬಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬಿ-24 ವಿಮಾನದ ಪೈಲಟ್ ಆಗಿ ಇಟಲಿಯಿಂದ 35 ದಾಳಿಗಳಿಗೆ ಹೋಗಿದ್ದರು. ಒಮ್ಮೆ ವಿಮಾನದಲ್ಲೇ ಸಿಕ್ಕಿಕೊಂಡಿದ್ದ ಬಾಂಬೊಂದು ಹಿಂತಿರುಗುವಾಗ ಕಳಚಿಕೊಂಡು ಆಸ್ಟ್ರಿಯಾದ ರೈತರ ಮನೆಯೊಂದರ ಮೇಲೆ ಬಿತ್ತು. ಅದು ಮಧ್ಯಾಹ್ನದ ಊಟದ ಹೊತ್ತು. ಮನೆಮಂದಿಯೆಲ್ಲ ಸತ್ತಿರಬೇಕೆಂಬ ಕೊರಗು ಅವರನ್ನು ದಶಕಗಳ ಕಾಲ ಕಾಡಿತು. 1980ರ ದಶಕದಲ್ಲಿ ಆಸ್ಟ್ರಿಯಾದ ಟಿವಿಯಲ್ಲಿ ಅದನ್ನು ಹೇಳಿಕೊಂಡಾಗ, ಆ ಮನೆಯ ಯಜಮಾನನೇ ಫೋನ್ ಮಾಡಿ, ತಾವೆಲ್ಲ ಮೊದಲೇ ಹೊರಗೋಡಿ ಬದುಕಿಕೊಂಡೆವೆಂದು ತಿಳಿಸಿದ.

ಇಂಥವರೂ 1964ರಲ್ಲಿ ಟಾಂಕಿನ್ ಕೊಲ್ಲಿ ನಿರ್ಣಯಕ್ಕೆ ಮತ ಹಾಕಿದ್ದರು. ಯುದ್ಧ ಬೆಳೆಯಲು ದಾರಿ ಮಾಡಿಕೊಟ್ಟದ್ದು ಅದೇ ನಿರ್ಣಯ. ಅದಕ್ಕೇ 1970ರ ಸೆಪ್ಟೆಂಬರ್ 1ರಂದು ಸೆನೆಟ್‌ನಲ್ಲಿ ಅವರು ಆಡಿದ ಮಾತಿಗೆ ತೂಕವಿತ್ತು. ಈ ಯುದ್ಧದ ಸಾವುಗಳಲ್ಲಿ ಇಲ್ಲಿ ಕೂತಿರುವ ಪ್ರತಿಯೊಬ್ಬ ಸೆನೆಟರ್‌ಗೂ ಪಾಲಿದೆ, ಈ ಸಭೆಯಲ್ಲೇ ರಕ್ತ ನಾರುತ್ತಿದೆ ಎಂದರು. ಸೇನೆಯನ್ನು ವಾಪಸು ಕರೆಸುವ ಅವರ ತಿದ್ದುಪಡಿ 55–39 ಮತಗಳಿಂದ ಬಿದ್ದುಹೋಯಿತು.

ಚುನಾವಣಾ ವೇದಿಕೆ ಇಂಥ ಮಾತನ್ನು ಸಹಿಸುವುದಿಲ್ಲ. ಅಲ್ಲಿ ತಪ್ಪೆಲ್ಲ ಎದುರಾಳಿಯದು, ಜನ ಮುಗ್ಧರು.

ಸಂತ ಅಗಸ್ಟೀನ್ ಪ್ರಕಾರ ಅನ್ಯಾಯದ ಆಜ್ಞೆಯ ಪಾಪ ರಾಜನದು. ಅದನ್ನು ಪಾಲಿಸಿದ ಸೈನಿಕ ನಿರ್ದೋಷಿಯಾಗಿ ಉಳಿಯಬಹುದು. ಆದರೆ ಜನರೇ ರಾಜನನ್ನು ಆರಿಸುವ ದೇಶದಲ್ಲಿ ಆ ಪಾಪ ಎಲ್ಲಿಗೆ ಹೋಗಬೇಕು? ಹಿಟ್ಲರನ ಪತನದ ಮರುವರ್ಷ, 1946ರಲ್ಲಿ, ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಅಪರಾಧದ ಹೊಣೆಯನ್ನೂ ರಾಜಕೀಯ ಹೊಣೆಯನ್ನೂ ಬೇರೆಬೇರೆ ಮಾಡಿ ತೋರಿಸಿದರು. ಅಪರಾಧಕ್ಕೆ ಶಿಕ್ಷೆ ಅದನ್ನು ಮಾಡಿದವನಿಗೆ. ಸರ್ಕಾರ ಮಾಡಿದ್ದರ ರಾಜಕೀಯ ಹೊಣೆ ಮಾತ್ರ ಪ್ರತಿ ಪ್ರಜೆಯದೂ ಹೌದು.

1972ರ ಆ ಚುನಾವಣೆಯಲ್ಲಿ ಮೆಕ್‌ಗವರ್ನ್ 50ರಲ್ಲಿ 49 ರಾಜ್ಯಗಳನ್ನು ಸೋತರು. 1973ರ ಜನವರಿ 27ರಂದು ವಿಯೆಟ್ನಾಂ ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದವಾಯಿತು. ಯುವಕರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುವ ಪದ್ಧತಿಯನ್ನು ಕೈಬಿಡುವುದಾಗಿ ಸರ್ಕಾರ ಅದೇ ದಿನ ಘೋಷಿಸಿತು. ಅಂದಿನಿಂದ ಅಲ್ಲಿನ ಬಹುಪಾಲು ಮತದಾರರಿಗೆ ಯುದ್ಧವೆಂದರೆ ಬೇರೆಯವರ ಮನೆಯ ಮಕ್ಕಳು ಹೋಗುವ ಜಾಗ. ಹಾಗಾಗಿ ಇಂದು ಅಧ್ಯಕ್ಷರ ಯುದ್ಧನೀತಿಯನ್ನು ಖಂಡಿಸಲು ವೇದಿಕೆ ಹತ್ತುವ ಅಭ್ಯರ್ಥಿಗೆ 1972ಕ್ಕಿಂತ ಕಠಿಣವಾದ ಕೆಲಸವಿದೆ: ಕೆಳಗೆ ಚಪ್ಪಾಳೆ ತಟ್ಟುತ್ತಿರುವವರಿಗೂ ಅವರ ಪಾಲಿನ ಹೊಣೆಯನ್ನು ಹೇಳಬೇಕು, ಹೇಳಿಯೂ ಅವರ ಮತ ಕೇಳಬೇಕು.